ಅವರೆ ಹಿತಕುವ ಯಂತ್ರಕ್ಕೆ ಪೇಟೆಂಟು

ನಮ್ಮಪ್ಪನಿಗೆ ಎರಡು ಕೆಲಸ. ಹಗಲು ಹೊತ್ತು ಶಿಡ್ಲಘಟ್ಟದ ರೇಷ್ಮೆ ನೂಲು ತೆಗೆಯುವ ಘಟಕಗಳಲ್ಲಿ ಕೆಟ್ಟು ನಿಂತ ಯಂತ್ರಗಳನ್ನು ರಿಪೇರಿ ಮಾಡುವುದು. ಅದರಿಂದ ನಮ್ಮ ಮನೆ ನಡೆಯುತ್ತಿತ್ತು. ಮಿಕ್ಕ ಹೊತ್ತಿನಲ್ಲಿ ಮನೆಗೆ ಬೇಕಾದ ಹೊಸ ಹೊಸ ಸಾಮಾನು ಕಂಡುಹಿಡಿಯುವುದು; ಅದರಿಂದ ನಡೆಯುತ್ತಿದ್ದ ಮನೆ ಆಗಾಗ ನಿಲ್ಲುತ್ತಿತ್ತು.

ನಾನು ಹೈಸ್ಕೂಲಿನಲ್ಲಿದ್ದಾಗ, ಅಂದರೆ ಎಂಬತ್ತರ ದಶಕದಲ್ಲಿ, ಹಾಲು ಉಕ್ಕುವ ಮುಂಚೆ ಎಚ್ಚರಿಸುವ ಗಂಟೆ ಮಾಡಿದ. ಹಬೆಗೆ ಮುಚ್ಚಳ ಎದ್ದರೆ ಅದಕ್ಕೆ ಕಟ್ಟಿದ ತಂತಿ ಒಂದು ಹಿತ್ತಾಳೆ ಗಂಟೆಯನ್ನು ಅಲ್ಲಾಡಿಸುತ್ತಿತ್ತು. ಮೊದಲ ದಿನ ಗಂಟೆ ಬಾರಿಸಿದಾಗ ಅಂಗಳ ಗುಡಿಸುತ್ತಿದ್ದ ಅಮ್ಮ ಹಿಂದಿನ ಬೀದಿಯ ಗುಡಿಯಲ್ಲಿ ಮಂಗಳಾರತಿ ಎಂದುಕೊಂಡು, ಪೊರಕೆ ಕೆಳಗಿಟ್ಟು, ಕಣ್ಣು ಮುಚ್ಚಿ ಕೈಮುಗಿದಳು. ಅವಳು ಕಣ್ಣು ಬಿಡುವಷ್ಟರಲ್ಲಿ ಹಾಲೆಲ್ಲ ಒಲೆಯ ಪಾಲಾಗಿತ್ತು. "ಯಂತ್ರ ಸರಿಯಾಗೇ ಕೆಲ್ಸ ಮಾಡ್ತು," ಎಂದ ಅಪ್ಪ. "ನಿಮ್ಮಮ್ಮಂಗೆ ಭಕ್ತಿ ಜಾಸ್ತಿ."

ಆಮೇಲೆ ಸೈಕಲ್ಲಿಗೆ ಕೊಡೆ ಕೂರಿಸಿದ. ಅದನ್ನು ತುಳಿಯುತ್ತ ಪೆರೇಸಂದ್ರದ ಕಡೆ ಹೋದವನಿಗೆ ಹೈವೇಯಲ್ಲಿ ಒಂದು ಲಾರಿ ಎದುರಾಯಿತು. ಲಾರಿಯ ಗಾಳಿ ಕೊಡೆಗೆ ತುಂಬಿ, ಕೊಡೆ ಸೈಕಲ್ಲನ್ನು ಎಳೆದುಕೊಂಡು, ಸೈಕಲ್ಲು ಅಪ್ಪನನ್ನು ಎಳೆದುಕೊಂಡು ಹಿಪ್ಪುನೇರಳೆ ತೋಟಕ್ಕೆ ಹೋದವು. ಮನೆಗೆ ಬಂದು ಮೊಣಕಾಲಿಗೆ ಅರಿಶಿನ ಹಚ್ಚಿಸಿಕೊಳ್ಳುತ್ತ, ಕೊಡೆಗೆ ಬ್ರೇಕು ಬೇಕು ಎಂದ. ಅಮ್ಮ ಅರಿಶಿನವನ್ನು ಸ್ವಲ್ಪ ಒತ್ತಿ ಹಚ್ಚಿದಳು.

ಇದಕ್ಕೆಲ್ಲ ಒಂದು ಕಾರಣವಿತ್ತು, ಅದು ನನಗೆ ತಡವಾಗಿ ತಿಳಿಯಿತು. ಅಪ್ಪ ಓದಿದ್ದು ಏಳನೆಯ ಕ್ಲಾಸು. ಅವನು ದಿನವೂ ಬಿಚ್ಚಿ ಜೋಡಿಸುತ್ತಿದ್ದ ಪ್ರತಿ ಯಂತ್ರಕ್ಕೂ ಒಂದು ತಗಡಿನ ಫಲಕವಿರುತ್ತಿತ್ತು. ಮೇಲೆ ಯಾವುದೋ ಕಂಪನಿಯ ಹೆಸರು, ಕೆಳಗೆ ಪೇಟೆಂಟ್ ನಂಬರು. ಒಳಗಿನ ಅರ್ಧ ಭಾಗಗಳನ್ನು ಅಪ್ಪನೇ ಬದಲಾಯಿಸಿದ್ದರೂ ಹೊರಗೆ ಆ ಹೆಸರೇ ಹೊಳೆಯುತ್ತಿತ್ತು. ಒಂದು ದಿನ ಎಣ್ಣೆ ಕೈಯಲ್ಲಿ ಅಂಥ ಫಲಕವನ್ನು ಒರೆಸುತ್ತ ನನಗೆ ಹೇಳಿದ: "ಸಾಯೋದ್ರೊಳಗೆ ಒಂದು ಸಾಮಾನಿನ ಮೇಲೆ ನನ್ನ ಹೆಸ್ರು, ಅದರ ಕೆಳಗೆ ಒಂದು ನಂಬರು ನೋಡ್ಬೇಕು ಕಣಮ್ಮ. ಸರ್ಕಾರದೋರು ಕೊಟ್ಟಿದ್ದು." ನಾನು ಆಗ ನಕ್ಕೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಆ ಒಂದು ಸಾಮಾನು ಕೊನೆಗೆ ಸಿಕ್ಕಿದ್ದು ಅವರೆಕಾಯಿಯಲ್ಲಿ. ನಮ್ಮ ಸೀಮೆಯಲ್ಲಿ ಚಳಿಗಾಲ ಬಂತೆಂದರೆ ಮನೆಮನೆಯಲ್ಲೂ ಅವರೆ. ಕಾಳನ್ನು ನೀರಲ್ಲಿ ನೆನೆಹಾಕಿ, ಒಂದೊಂದನ್ನೇ ಹೆಬ್ಬೆರಳಲ್ಲಿ ಒತ್ತಿ, ಸಿಪ್ಪೆಯಿಂದ ಬೇಳೆಯನ್ನು ಚಿಮ್ಮಿಸಬೇಕು. ಅದೇ ಹಿತಕಿದ ಬೇಳೆ. ಅದರ ಸಾರಿಗೆ ಮುದ್ದೆ ಇದ್ದರೆ ನಮ್ಮ ಜನಕ್ಕೆ ಸ್ವರ್ಗದ ಆಸೆಯೂ ಇರುವುದಿಲ್ಲ. ಆದರೆ ಹತ್ತು ಜನರ ಮನೆಗೆ ಆಗುವಷ್ಟು ಹಿತಕಿದರೆ ಹೆಬ್ಬೆರಳು ಊದಿಕೊಳ್ಳುತ್ತದೆ. ಅಮ್ಮನ ಉಗುರುಸಂದಿ ಒಡೆದು ಉರಿಯುವುದನ್ನು ನೋಡಿದ ಅಪ್ಪ, ಇದಕ್ಕೊಂದು ಯಂತ್ರ ಮಾಡುತ್ತೇನೆ ಎಂದ. ನಾನೂ ಅಮ್ಮನೂ ಮುಖ ಮುಖ ನೋಡಿಕೊಂಡೆವು.

ಊಟದ ಡಬ್ಬಿಯಷ್ಟು ದೊಡ್ಡ ಸ್ಟೀಲ್ ಪೆಟ್ಟಿಗೆ. ಒಳಗೆ ಸೈಕಲ್ ಟ್ಯೂಬು ಸುತ್ತಿದ ಎರಡು ಉರುಳೆಗಳು, ಹೊರಗೆ ತಿರುಗಿಸುವ ಹಿಡಿ. ಮೇಲೆ ನೆನೆದ ಕಾಳು ಸುರಿದರೆ ಕೆಳಗೆ ಬೇಳೆ ಒಂದು ಕಡೆ, ಸಿಪ್ಪೆ ಒಂದು ಕಡೆ ಬೀಳಬೇಕು. ಉರುಳೆ ಬಿಗಿಯಾದರೆ ಕಾಳು ಚಟ್ನಿ. ಸಡಿಲವಾದರೆ ಕಾಳು ಅಂಗಿ ಸಮೇತ ಈ ಕಡೆಯಿಂದ ಆ ಕಡೆಗೆ ಆರಾಮಾಗಿ ಹೋಗುತ್ತಿತ್ತು. ಎರಡು ಚಳಿಗಾಲ ನಾವು ಚಟ್ನಿಯಂಥ ಸಾರನ್ನೇ ಉಂಡೆವು. ಮೂರನೆಯ ವರ್ಷ ಅಪ್ಪ ನೂಲು ತೆಗೆಯುವ ರೀಲಿಂಗ್ ಯಂತ್ರದ ಒಂದು ಸಣ್ಣ ಸ್ಪ್ರಿಂಗನ್ನು ಒಳಗೆ ಕೂರಿಸಿದ. ದಪ್ಪ ಕಾಳು ಬಂದಾಗ ಉರುಳೆ ತಾನೇ ಸರಿದು ಜಾಗ ಬಿಡುತ್ತಿತ್ತು. ಬೇಳೆ ಪಟಪಟನೆ ತಟ್ಟೆಗೆ ಬಿದ್ದವು, ಒಂದೂ ಒಡೆದಿರಲಿಲ್ಲ. ಅಮ್ಮ ಬೇಳೆಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿ, ಮದುವೆಯಾದಾಗಿನಿಂದ ಮೊದಲ ಬಾರಿಗೆ, "ಪರವಾಗಿಲ್ಲ ನೀವು," ಎಂದಳು.

ಈ ಮೂರು ವರ್ಷವೂ ಅದು ಪರಮ ಗುಟ್ಟು. ಪೇಟೆಂಟ್ ಬರುವವರೆಗೆ ಹೊರಗಿನ ಒಬ್ಬರ ಕಣ್ಣಿಗೂ ಬೀಳಬಾರದು ಎಂದು ಅಪ್ಪನಿಗೆ ಯಾರೋ ಹೇಳಿದ್ದರು. ಅಮ್ಮನ ಹಳೆಯ ಸೀರೆಯನ್ನು ಪರದೆಯಾಗಿ ಕಟ್ಟಿ ಅದರ ಹಿಂದೆ ಕೆಲಸ ಮಾಡುತ್ತಿದ್ದ. ಬೀದಿಯ ಹೆಂಗಸರು ಅವರೆ ಹಿತಕಲು ನಮ್ಮ ಜಗಲಿಗೆ ಬಂದರೆ ಯಂತ್ರ ಅಕ್ಕಿ ಡಬ್ಬಕ್ಕೆ ಹೋಗುತ್ತಿತ್ತು. ಅಮ್ಮ ಅವರ ಜೊತೆ ಕೂತು, ಬಾಯಿ ಬಿಗಿಹಿಡಿದು, ಕೈಯಲ್ಲೇ ಹಿತಕುತ್ತಿದ್ದಳು.

ಅಷ್ಟರಲ್ಲಿ ನನ್ನ ಮದುವೆ ಚಿಕ್ಕಬಳ್ಳಾಪುರದ ಒಬ್ಬ ಮೇಷ್ಟರ ಜೊತೆ ನಿಶ್ಚಯವಾಯಿತು. ಸಂಕ್ರಾಂತಿ ಕಳೆದ ಮೇಲಿನ ಮುಹೂರ್ತ. ಬಂದವರಿಗೆ ತಾಂಬೂಲದ ಜೊತೆ ಏನು ಕೊಡುವುದೆಂಬ ಮಾತು ಬಂದಾಗ ಅಮ್ಮ ಹೇಳಿದಳು:

"ಎಲ್ಲಾರೂ ಸ್ಟೀಲ್ ಬಟ್ಲು ಕೊಡ್ತಾರೆ. ನಾವು ನಿಮ್ಮ ಯಂತ್ರನೇ ಕೊಡಣ. ಆಗ ಅವರೆ ಇನ್ನೂ ಮುಗ್ದಿರಲ್ಲ, ಮನೆಗೆ ಹೋಗ್ತಿದ್ದಂಗೆ ಉಪಯೋಗ್ಸ್ತಾರೆ."

"ಗುಟ್ಟು ಕಣೇ," ಎಂದ ಅಪ್ಪ, ಆದರೆ ಅಷ್ಟು ಗಟ್ಟಿಯಾಗಿ ಅಲ್ಲ.

"ಹೊರಗಿನೋರಿಗೆ ತಾನೇ ಗುಟ್ಟು. ಇವ್ರೆಲ್ಲ ನಮ್ಮೋರು."

ಅಪ್ಪ ಯೋಚಿಸಿದ. ನಾನೂ ಅಲ್ಲೇ ಇದ್ದೆ, ಬಿ.ಎ. ಪಾಸಾಗಿದ್ದೆ, ನನಗೂ ಆ ಮಾತು ಸರಿ ಎನಿಸಿತು. ಅಪ್ಪ ಎರಡು ತಿಂಗಳು ಕೂತು ನೂರಿಪ್ಪತ್ತು ಯಂತ್ರ ಮಾಡಿದ. ಅಮ್ಮ ಅವನ್ನೆಲ್ಲ ಪಾತ್ರೆ ಅಂಗಡಿಗೆ ಹೊರಿಸಿಕೊಂಡು ಹೋಗಿ ಹೆಸರು ಹಾಕಿಸಿದಳು. ಸ್ಟೀಲ್ ಸಾಮಾನಿಗೆ ಹೆಸರು ಹಾಕಿಸದೆ ಕೊಡುವುದು ನಮ್ಮಲ್ಲಿ ಮರ್ಯಾದೆಯಲ್ಲ. ಅಂಗಡಿಯವನು ಗುಂಯ್ ಎನ್ನುವ ಕರೆಂಟ್ ಪೆನ್ನು ಹಿಡಿದು ಪ್ರತಿ ಯಂತ್ರದ ಮೇಲೂ ಅಪ್ಪನ ಹೆಸರನ್ನು ದೊಡ್ಡದಾಗಿ ಕೊರೆದು, ಕೆಳಗೆ ಮದುವೆಯ ತಾರೀಖು ಹಾಕಿದ. ಅಪ್ಪ ಒಂದನ್ನು ಕೈಗೆ ತೆಗೆದುಕೊಂಡು ಅಕ್ಷರಗಳ ಮೇಲೆ ಬೆರಳಾಡಿಸಿದ. ಮಗಳನ್ನು ಧಾರೆ ಎರೆದುಕೊಡುವಾಗಲೂ ಅವನ ಕಣ್ಣು ಅಷ್ಟು ಒದ್ದೆಯಾಗಲಿಲ್ಲ, ಅದು ನನಗೆ ಇವತ್ತಿಗೂ ಸ್ವಲ್ಪ ಸಿಟ್ಟು.

ಮೊದಲ ದೀಪಾವಳಿಗೆ ಗಂಡನ ಜೊತೆ ತವರಿಗೆ ಬಂದಾಗ ಅಪ್ಪ ನಕ್ಷೆಗಳನ್ನೆಲ್ಲ ಬರೆದು ಮುಗಿಸಿದ್ದ. ನನಗೆ ಇಂಗ್ಲಿಷ್ ಬರುತ್ತದೆಂದು ಹಬ್ಬ ಮುಗಿದ ಮರುದಿನ ಬೆಂಗಳೂರಿಗೆ ಕರೆದುಕೊಂಡು ಹೋದ. ಅಲ್ಲಿ ಪೇಟೆಂಟ್ ಅರ್ಜಿ ಬರೆದುಕೊಡುವ ವಕೀಲರೊಬ್ಬರಿದ್ದರು. ಇಂಗ್ಲಿಷ್ ಬೇಕಾಗಲಿಲ್ಲ, ಅವರು ಕನ್ನಡದಲ್ಲೇ ಕೇಳಿದರು.

"ಇದನ್ನ ಈ ಮುಂಚೆ ಯಾರಾದ್ರೂ ನೋಡಿದಾರಾ?"

"ಇಲ್ಲ ಸಾರ್. ಮೂರು ವರ್ಷ ಪರದೆ ಕಟ್ಟಿ ಮಾಡಿದೀನಿ."

"ಹೊರಗಿನವರು ಯಾರೂ ನೋಡಿಲ್ಲ?"

"ಒಬ್ರೂ ಇಲ್ಲ," ಎಂದು ಅಪ್ಪ ಎದೆಯುಬ್ಬಿಸಿದ. "ನಮ್ಮೋರು ಮಾತ್ರ."

"ನಮ್ಮೋರು ಅಂದ್ರೆ?"

"ನಂಟ್ರು, ಬೀಗ್ರ ಕಡೆಯೋರು, ನಮ್ಮ ಬೀದಿಯೋರು. ಒಂದು ನೂರಿಪ್ಪತ್ತು ಮನೆ, ಅಷ್ಟೇ."

ವಕೀಲರು ಪೆನ್ನಿನ ಕ್ಯಾಪು ಹಾಕಿದರು. ನಾವು ತಂದು ಮೇಜಿನ ಮೇಲಿಟ್ಟಿದ್ದ ಯಂತ್ರವನ್ನು ತಮ್ಮ ಕಡೆ ತಿರುಗಿಸಿಕೊಂಡು, ಕನ್ನಡಕ ಏರಿಸಿ ಓದಿದರು. "ತಾರೀಖೂ ಹಾಕ್ಸಿದೀರಾ," ಎಂದರು. ದನಿಯಲ್ಲಿ ಒಂದು ಥರದ ಮೆಚ್ಚುಗೆಯೇ ಇತ್ತು. ಅರ್ಜಿ ಹಾಕುವ ಮುಂಚೆ ಹೀಗೆ ಊರಿಗೆಲ್ಲ ಹಂಚಿಬಿಟ್ಟರೆ ಅದು ಹೊಸದು ಎನಿಸಿಕೊಳ್ಳುವುದಿಲ್ಲ, ಕಾನೂನಿಗೆ ನಮ್ಮೋರು ಹೊರಗಿನೋರು ಎಂಬ ಭೇದವಿಲ್ಲ ಎಂದು ನಿಧಾನವಾಗಿ ತಿಳಿಸಿ ಹೇಳಿದರು. ಕಾಫಿ ತರಿಸಿಕೊಟ್ಟರು. ಅಪ್ಪ ಕುಡಿಯಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಅವನು ಒಂದೇ ಒಂದು ಮಾತಾಡಿದ: "ನಮ್ಮಕ್ಕ ಹೊರಗಿನೋಳಂತೆ." ನನಗೆ ಅಳು ಬಂತು, ಜೊತೆಗೆ ನಗುವೂ ಬಂತು. ಎರಡನ್ನೂ ನುಂಗಿಕೊಂಡು ಕಿಟಕಿಯ ಕಡೆ ತಿರುಗಿದೆ.

ಅವರೆಯ ಕಾಲ ಮತ್ತೆ ಬಂದಾಗ ನಾನು ನಾಲ್ಕು ದಿನಕ್ಕೆಂದು ತವರಿಗೆ ಬಂದಿದ್ದೆ. ಅಪ್ಪ ಒಂದು ದಿನ ಲೋಹ ಉಜ್ಜುವ ಅರ ಮತ್ತು ಸ್ಕ್ರೂಡ್ರೈವರನ್ನು ಚೀಲಕ್ಕೆ ಹಾಕಿಕೊಂಡು ಹೊರಟ. ಎಲ್ಲ ಮನೆಗಳಿಂದಲೂ ಯಂತ್ರ ವಾಪಸು ಪಡೆಯುವುದು, ಆಗದಿದ್ದರೆ ಹೆಸರು ತಾರೀಖನ್ನಾದರೂ ಉಜ್ಜಿ ಅಳಿಸುವುದು, ಆಮೇಲೆ ಬೇರೆ ವಕೀಲರ ಹತ್ತಿರ ಹೋಗುವುದು. ಅದು ಸುಳ್ಳು ಹೇಳಿದಂತೆ ಎಂದು ನಾನು ಹೇಳಿದರೆ ಕಿವಿ ಮೇಲೆ ಹಾಕಿಕೊಳ್ಳಲಿಲ್ಲ. "ಜೊತೇಲಿ ಹೋಗಮ್ಮ, ಅಕ್ಕ ತಮ್ಮ ಕಿತ್ತಾಡ್ತಾರೆ," ಎಂದು ಅಮ್ಮ ನನ್ನನ್ನೂ ಬಸ್ಸು ಹತ್ತಿಸಿದಳು.

ಮೊದಲ ಮನೆ ಚಿಂತಾಮಣಿಯಲ್ಲಿದ್ದ ಸೋದರತ್ತೆಯದು. ಅಪ್ಪನ ಮಾತು ಕೇಳಿ ಅತ್ತೆ ಸೊಂಟಕ್ಕೆ ಕೈಯಿಟ್ಟಳು. ಸಿಟ್ಟು ಬಂದರೆ ಅವಳ ಬಾಯಿಗೆ ಮೊದಲು ತೆಲುಗು ಬರುತ್ತಿತ್ತು.

"ಏಮಿರಾ, ಕೊಟ್ಟಿದ್ದನ್ನ ವಾಪಸ್ ಕೇಳಕ್ಕೆ ಬಂದ್ಯಾ? ಗೌರಿಬಿದನೂರಿನ ಚಿಕ್ಕಮ್ಮ ಅವಳದನ್ನ ಮಗಳ ಅತ್ತೆ ಮನೆಗೆ ಕಳ್ಸಿ ಆಯ್ತು. ಅಲ್ಲಿಗೂ ಹೋಗ್ತೀಯಾ?"

"ವಾಪಸ್ ಬೇಡ, ಹೆಸ್ರು ಮಾತ್ರ ಅಳಿಸ್ತೀನಿ ಅಕ್ಕಾ."

"ನಿನ್ನ ಹೆಸ್ರು ನೀನೇ ಅಳಿಸ್ಕೋತೀಯಾ? ಅಳಿಸ್ಕೋ," ಎಂದು ಅತ್ತೆ ಯಂತ್ರವನ್ನು ತಂದು ಅವನ ಮುಂದೆ ಇಟ್ಟು ಒಳಗೆ ಹೋದಳು.

ಅಪ್ಪ ಜಗಲಿಯ ಮೇಲೆ ಕೂತು ಯಂತ್ರವನ್ನು ಮಂಡಿಗಳ ನಡುವೆ ಹಿಡಿದುಕೊಂಡ. ಅರವನ್ನು ಮೊದಲಕ್ಷರದ ಮೇಲಿಟ್ಟ. ಇಟ್ಟ, ಆದರೆ ಉಜ್ಜಲಿಲ್ಲ. ಅವನ ಮುಖ ನೋಡಲಾಗದೆ ನಾನು ಬೀದಿಯನ್ನೇ ನೋಡುತ್ತ ನಿಂತೆ.

ಆಗ ಪಕ್ಕದ ಮನೆಯಿಂದ ಅತ್ತೆಯ ನೆರೆಯವರು ಬಂದರು. ಮನೆಯಲ್ಲಿ ಉರ್ದು ಆಡುವ ಮುಸ್ಲಿಂ ಹೆಂಗಸು, ಗಂಡನಿಗೆ ರೇಷ್ಮೆ ಗೂಡಿನ ವ್ಯಾಪಾರ. ಕೈಯಲ್ಲಿ ನೆನೆದ ಅವರೆಕಾಳಿನ ಬೇಸಿನ್ನು. ಅಪ್ಪನ ಕೈಯಲ್ಲಿದ್ದ ಯಂತ್ರವನ್ನೂ, ಚೀಲದಿಂದ ಇಣುಕುತ್ತಿದ್ದ ಸ್ಕ್ರೂಡ್ರೈವರನ್ನೂ ನೋಡಿ ಅವರ ಮುಖ ಅರಳಿತು.

"ಅಲ್ಲಾ, ಕಂಪ್ನಿಯೋರು ಬಂದವ್ರಾ," ಎಂದರು. "ನಾನು ಅಕ್ಕನ ಹತ್ರ ದಿನಾ ಇಸ್ಕೊಂಡೋಗ್ತೀನಿ. ಮೇಲಿರೋ ಕಂಪ್ನಿ ಹೆಸ್ರು, ಕೆಳಗಿನ ನಂಬ್ರು ಎರಡೂ ಬರ್ಕೊಂಡು ಪಾತ್ರೆ ಅಂಗ್ಡೀಲೆಲ್ಲ ಕೇಳ್ದೆ. ಯಾರ ಹತ್ರಾನೂ ಇಲ್ಲ. ಒಂದು ಅಂಗ್ಡಿಯೋನು, ಆ ಕಂಪ್ನಿ ಮಾಲು ಬಂದಿದ್ದೆಲ್ಲ ಖಾಲಿ ಆಗೋಯ್ತು ಅಂದ."

ಅಪ್ಪ ಹೆಸರನ್ನು ನೋಡಿದ, ಅದರ ಕೆಳಗಿನ ಅಂಕಿಗಳನ್ನು ನೋಡಿದ. ಆ ಅಂಕಿಗಳು ನನ್ನ ಮದುವೆಯ ತಾರೀಖು. ಅವನು ಅರವನ್ನು ಚೀಲದೊಳಗಿಟ್ಟು ಸ್ಕ್ರೂಡ್ರೈವರ್ ತೆಗೆದ.

"ಹೂಂ ತಾಯಿ, ಕಂಪ್ನಿಯಿಂದಾನೇ," ಎಂದ. "ಹಿಡಿ ಸಡಿಲ ಆಗಿದೆ ಅಂತ ಕಂಪ್ಲೇಂಟ್ ಬಂದಿತ್ತು. ಬಿಗಿ ಮಾಡಿ ಕೊಡ್ತೀನಿ, ತಗೊಂಡೋಗಿ."