ಸೋದರತ್ತೆಯ ಕೆಮ್ಮು

ಸಿಂಧನೂರಿನ ಕಾಲೇಜಿನಲ್ಲಿ ನಾನು ಸೂಕ್ಷ್ಮಜೀವಿಗಳ ಪಾಠ ಮಾಡುತ್ತೇನೆ. ನಾಯಿಕೆಮ್ಮಿನ ಬ್ಯಾಕ್ಟೀರಿಯದ ಪಾಠ ಬಂದರೆ ನನಗೆ ಹುರುಪು ಹೆಚ್ಚುತ್ತಿತ್ತು, ಎಂ.ಎಸ್ಸಿ.ಯಲ್ಲಿ ಅದರ ಮೇಲೆಯೇ ಪ್ರಬಂಧ ಬರೆದವಳು. ಆ ಬ್ಯಾಕ್ಟೀರಿಯಕ್ಕೆ ಎರಡು ಪೊರೆ. ವಿಷದ ಪ್ರೋಟೀನನ್ನು ತುಂಡು ತುಂಡಾಗಿ ಒಳಪೊರೆ ದಾಟಿಸಿ, ಎರಡು ಪೊರೆಗಳ ನಡುವಿನ ಸಂದಿಯಲ್ಲಿ ಜೋಡಿಸುತ್ತದೆ. ಜೋಡಣೆ ಮುಗಿದ ಮೇಲೆ, ಅದಕ್ಕೆಂದೇ ಕಟ್ಟಿಕೊಂಡ ದಾರಿಯಿಂದ ಹೊರಪೊರೆಯಾಚೆ ನೂಕುತ್ತದೆ. "ಎಷ್ಟ್ ಶಿಸ್ತು ನೋಡ್ರಿ" ಎಂದು ಬಣ್ಣದ ಸೀಮೆಸುಣ್ಣದಲ್ಲಿ ಬರೆದು ತೋರಿಸುತ್ತಿದ್ದೆ. ಓದಿ ಓದಿ ಮರುಳಾದಳು ಎಂದು ತಮ್ಮ ಚೇಷ್ಟೆ ಮಾಡುತ್ತಿದ್ದ.

ಆ ವರ್ಷ ನನಗೆ ಎರಡು ವಾರದಿಂದ ಕೆಮ್ಮಿತ್ತು. ಭತ್ತದ ದೂಳೆಂದುಕೊಂಡೆ. ಕೊಯ್ಲಿನ ಕಾಲಕ್ಕೆ ಸಿಂಧನೂರಿನಲ್ಲಿ ಕೆಮ್ಮದವರು ಯಾರು? ಮಸ್ಕಿಯಲ್ಲಿ ತಮ್ಮನ ಮಗಳನ್ನು ಇಪ್ಪತ್ತೊಂದನೆಯ ದಿನ ತೊಟ್ಟಿಲಿಗೆ ಹಾಕುವುದಿತ್ತು. ಸೋದರತ್ತೆ ಇಲ್ಲದೆ ಹೆಸರಿಡುವುದುಂಟೆ? ಬಸ್ಸು ಹತ್ತಿದೆ. ಕೂಸಿನ ಕಿವಿಗೆ ಬಾಯಿ ಹಚ್ಚಿ ಕುರ್‍ರ್ ಎಂದು ಹೆಸರು ಹೇಳಿದೆ. ರೂಢಿಯಂತೆ ಹೆಂಗಸರು ಬೆನ್ನಿಗೆ ಗುದ್ದಿದರು. ನಗು ಬಂತು, ನಗುವಿನ ಹಿಂದೆಯೇ ಕೆಮ್ಮು. ಸೆರಗು ಅಡ್ಡ ಹಿಡಿಯುವಷ್ಟರಲ್ಲಿ ಕೂಸಿನ ಮುಖದ ಮೇಲೆ ಕೆಮ್ಮಿಬಿಟ್ಟಿದ್ದೆ.

ಹತ್ತು ದಿನಕ್ಕೆ ಕೂಸು ಕೆಮ್ಮತೊಡಗಿತು. ಕೆಮ್ಮುತ್ತ ಕೆಮ್ಮುತ್ತ ನೀಲಿಗಟ್ಟಿ ಉಸಿರು ನಿಲ್ಲಿಸುತ್ತಿತ್ತು. ಒಂದೂವರೆ ತಿಂಗಳಿಗೆ ಹಾಕಿಸುವ ಲಸಿಕೆಗೆ ಇನ್ನೂ ದಿನ ಬಾಕಿ. ಲಿಂಗಸುಗೂರಿನ ಆಸ್ಪತ್ರೆಗೆ ಒಯ್ದರು, ಗಂಟಲಿನ ದ್ರವ ಪರೀಕ್ಷೆಗೆ ಕಳಿಸಿ ಅಂದೇ ಔಷಧಿ ಶುರುಮಾಡಿದರು. ರಜೆ ಹಾಕಿ ಓಡಿದೆ. ನಾಯಿಕೆಮ್ಮು ಎಂದು ವರದಿ ಬಂದಾಗ ನನ್ನ ಕೆಮ್ಮಿಗೆ ಎಷ್ಟು ದಿನವಾಯಿತೆಂದು ಬೆರಳೆಣಿಸಿದೆ. ದೊಡ್ಡವರಲ್ಲಿ ಅದು ಬರೀ ಒಣಕೆಮ್ಮಾಗಿ ವಾರಗಟ್ಟಲೆ ಉಳಿಯುತ್ತದೆ. ಪರೀಕ್ಷೆಯಲ್ಲಿ ನಾನೇ ಆ ಪ್ರಶ್ನೆ ಕೇಳಿದ್ದೆ.

"ಹುಳ ಸತ್ತಾವ ಅಂತಾರ ಡಾಕ್ಟರು. ಮತ್ಯಾಕ್ರಿ ಅಕ್ಕಾರ, ಆಕಿಗೆ ಕಡಿಮಿ ಆಗವಲ್ದು?" ತಮ್ಮನ ಹೆಂಡತಿ ಕೇಳಿದಳು.

"ಹುಳ ಸತ್ರೂ ಅವು ಹೊರಗ ಬಿಟ್ಟ ವಿಷ ಮೈಯಾಗ ಉಳಿದೈತವ್ವ. ಅದಕ್ಕ ಔಷಧ ಇಲ್ಲ."

ತರಗತಿಯಲ್ಲಿ ಹೇಳುತ್ತಿದ್ದ ಮಾತೇ. ಅದಾದ ಮೂರನೆಯ ದಿನ ಕೂಸು ಹೋಯಿತು.

ಮಸ್ಕಿಯ ಮನೆಯಲ್ಲಿ ಮಾತಾಡಿಸಲು ಬಂದವರ ಮುಂದೆಲ್ಲ ನಮ್ಮವ್ವ ಒಂದೇ ಹಾಡು ಹಾಡಿದಳು: "ಬಾಣಂತಿ ಬಾಯಿ ಕಟ್ಟಲಿಲ್ಲ. ಮೊಸರುಂಡ್ಳು, ಕೂಸಿಗೆ ಥಂಡಿ ಆತು." ತಮ್ಮನ ಹೆಂಡತಿ ತಲೆ ತಗ್ಗಿಸಿ ಕೂತಿರುತ್ತಿದ್ದಳು. ಅವಳೂ ಅದನ್ನೇ ನಂಬಿದ್ದಳು. ಮೂರು ದಿನ ನಾನು ತುಟಿ ಬಿಚ್ಚಲಿಲ್ಲ. ಹೇಡಿ ನಾನು, ಅದಕ್ಕೆ ಬೇರೆ ಹೆಸರಿಲ್ಲ. ನಾಲ್ಕನೆಯ ದಿನ ತಡೆಯಲಾಗಲಿಲ್ಲ.

"ಮೊಸರಲ್ಲಬೇ, ನನ್ನ ಕೆಮ್ಮು. ನನ್ನಿಂದ ಬಂದೈತಿ ಅದು."

"ಹುಚ್ಚಿ, ಸುಮ್ನಿರು" ಎಂದು ಅವ್ವ ಗದರಿದಳು. ತಮ್ಮನ ಹೆಂಡತಿ ಮೆಲ್ಲಗೆ ತಲೆಯೆತ್ತಿ ನನ್ನನ್ನು ನೋಡಿದಳು.

"ಅಕ್ಕಾರ, ನೀವು ಓದಿದ್ದು ಇದನ್ನ ಅಲ್ಲೇನ್ರಿ?"

ಹೌದು ಎಂದೆ. ಅವಳು ಮತ್ತೇನೂ ಕೇಳಲಿಲ್ಲ. ಇವತ್ತಿನವರೆಗೂ ಕೇಳಿಲ್ಲ.