ಬನ್ನಿ ಮಾಮನ ಕೈ, ದೊಡ್ಡವರ ಕಾರು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಟ್ಟಡದ ನೆಲಮಾಳಿಗೆಯಿಂದ ಉದ್ದನೆಯ ಕಪ್ಪು ಕಾರೊಂದು ಸದ್ದಿಲ್ಲದೆ ಮೇಲೇರುತ್ತಿದೆ. ಮೊದಲು ದೀಪ ಕಾಣುತ್ತದೆ, ಆಮೇಲೆ ಮೂಗು. ಇಳಿಜಾರಿನ ತುದಿಯಲ್ಲಿ, ಕಾರಿಗೆ ನೇರ ಎದುರಾಗಿ, ಮಾಸಿದ ನೀಲಿ ಅಂಗಿಯ ಗಿಡ್ಡನೆಯ ಮನುಷ್ಯರೊಬ್ಬರು ನಿಂತಿದ್ದಾರೆ. ಎಡಗೈ ಪಕ್ಕೆಗೆ ಅಂಟಿಕೊಂಡಿದೆ. ಬಲಗೈಯ ಬೆರಳುಗಳು ಮಾತ್ರ ಮಡಚಿ ಬಿಚ್ಚುತ್ತಿವೆ, ಹಟ ಹಿಡಿದ ಮಗುವನ್ನು ಹತ್ತಿರ ಕರೆದ ಹಾಗೆ. ತುಟಿ ಆಡುತ್ತಿದೆ: ಬನ್ನಿ, ಬನ್ನಿ, ಬನ್ನಿ. ಕಾರು ಒಂದು ಹೆಜ್ಜೆ ಮುಂದೆ ಬಂದರೆ ಅವರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಮೂಗು ಮೇಲೆದ್ದು ಆಕಾಶ ನೋಡುವ ಹೊತ್ತಿಗೆ ಅಂಗೈ ಎತ್ತುತ್ತಾರೆ. ಕಾರು ನಿಲ್ಲುತ್ತದೆ. ಬಗ್ಗಿ ಅದರ ಹೊಟ್ಟೆಯ ಕೆಳಗೆ ಇಣುಕುತ್ತಾರೆ, ಎರಡು ಬೆರಳನ್ನು ಎಡಕ್ಕೆ ತಿರುಗಿಸುತ್ತಾರೆ, ಮತ್ತೆ ಕರೆಯುತ್ತಾರೆ. ಒಂದು ಚಕ್ರ ಉಬ್ಬು ದಾಟುತ್ತದೆ, ಅದರ ಹಿಂದೆ ಇನ್ನೊಂದು. ಕಾರು ರಸ್ತೆ ಸೇರಿದ ಮೇಲೆ ಅವರು ಉಸಿರು ಬಿಟ್ಟು ಕೆಳಗೆ ನೋಡುತ್ತಾರೆ. ಅಲ್ಲಿ ಮುಂದಿನದು ಕಾದು ನಿಂತಿದೆ.

ನಿಜ ಹೇಳಬೇಕೆಂದರೆ, ನಾನು ಇವರನ್ನು ಹುಡುಕಿಕೊಂಡು ಹೋದವಳೇ ಅಲ್ಲ. "ಪ್ರೀಮಿಯಂ ಸೆಡಾನ್ ಇಟ್ಟುಕೊಂಡವರ ಅನುಭವ ಕೇಳ್ಕೊಂಡು ಬಾ, ವಾಹನದ ಪುಟಕ್ಕೆ ಬೇಕು" ಎಂದು ನಮ್ಮ ಸಂಪಾದಕರು ಅಟ್ಟಿದ್ದರು. ನನ್ನದೋ, ಕನ್ನಡಿಗೆ ಟೇಪು ಸುತ್ತಿದ ಹಳೇ ಸ್ಕೂಟರು. ಕಾರಿನ ಸೀಟೇ ಮಸಾಜು ಮಾಡುತ್ತದೆ ಎಂದು ಯಾರಾದರೂ ಹೇಳಿದರೆ ನನಗೆ ಹೊಟ್ಟೆಕಿಚ್ಚಾಗುತ್ತದೆ, ಅದನ್ನು ಮುಚ್ಚಿಡುವ ಅಭ್ಯಾಸ ನನಗಿಲ್ಲ. ಆದರೂ ಕೆಲಸ ಕೆಲಸವೇ. ಅಂಥ ಕಾರುಗಳು ಸಾಲಾಗಿ ನಿಂತಿರುವ ಈ ಹಳೆಯ ಕಟ್ಟಡಕ್ಕೆ ಬಂದೆ.

ಮೊದಲು ಸಿಕ್ಕವರು ಮೂರನೆಯ ಮಹಡಿಯ ಜವಳಿ ಅಂಗಡಿ ಯಜಮಾನರು. "ಒಳಗೆ ಕೂತು ಬಾಗಿಲು ಹಾಕ್ಕೊಂಡ್ರೆ ಸಾಕು, ಹೊರಗಿನ ಲೋಕ ಇದ್ಯೋ ಇಲ್ವೋ ಗೊತ್ತಾಗಲ್ಲ" ಎಂದು ಅವರು ಹೇಳುವಾಗ ಮುಖದಲ್ಲಿ ನಿದ್ದೆಯಷ್ಟು ಸುಖ. ಅವರ ಕೆಳಗಿನ ಮನೆಯ ಹಲ್ಲಿನ ಡಾಕ್ಟರಮ್ಮ ನಕ್ಕರು. "ದಿನವಿಡೀ ಬಾಯಿ ತೆರೀರಿ, ಬಾಯಿ ತೆರೀರಿ ಅಂತಿರ್ತೀನಿ. ಸಂಜೆ ಈ ಕಾರಲ್ಲಿ ಕೂತ್ರೆ ಯಾರೂ ಬಾಯಿ ತೆರೆಯಲ್ಲ. ಅದಕ್ಕೇ ತಗೊಂಡಿದ್ದು." ಬೆನ್ನುನೋವು ಹೋಯಿತು ಎಂದವರಿದ್ದಾರೆ. ಅಣ್ಣತಮ್ಮಂದಿರ ಮುಂದೆ ತಲೆ ಎತ್ತುವಂತಾಯಿತು ಎಂದು ಒಪ್ಪಿಕೊಂಡ ಪುಣ್ಯಾತ್ಮರೂ ಇದ್ದಾರೆ. ಇಷ್ಟೆಲ್ಲ ಹೇಳಿದ ಮೇಲೆ ಪ್ರತಿಯೊಬ್ಬರೂ ದನಿ ತಗ್ಗಿಸಿ "ಆದ್ರೆ..." ಎನ್ನುತ್ತಾರೆ.

ಆ ಆದರೆ ಏನೆಂದರೆ, ಕಾರಿನ ಹೊಟ್ಟೆ. ನೆಲಕ್ಕೆ ಅಂಟಿಕೊಂಡಂತಿರುವ ಈ ಉದ್ದನೆಯ ಕಾರುಗಳಿಗೆ ರಸ್ತೆಯ ಪ್ರತಿ ಉಬ್ಬೂ ಗಂಡಾಂತರ. ಈ ಕಟ್ಟಡ ಕಟ್ಟಿದ್ದು ಪುಟ್ಟ ಕಾರುಗಳ ಕಾಲದಲ್ಲಿ. ನೆಲಮಾಳಿಗೆಯಿಂದ ಮೇಲೆ ಬರುವ ಇಳಿಜಾರು ಕಡಿದಾಗಿದೆ, ನಡುವೆ ಒಂದು ತಿರುವಿದೆ, ತುದಿಯಲ್ಲಿ ಮಳೆನೀರು ತಡೆಯಲೆಂದು ಹಾಕಿದ ಉಬ್ಬಿದೆ. ಅಲ್ಲಿಗೆ ಬರುವಷ್ಟರಲ್ಲಿ ಕಾರಿನ ಮೂಗು ಮೇಲೆದ್ದಿರುತ್ತದೆ, ನಡೆಸುವವರಿಗೆ ನೆಲ ಕಾಣುವುದೇ ಇಲ್ಲ. ಎರಡೂ ಬದಿಗೆ ಗೋಡೆ ಅಷ್ಟು ಹತ್ತಿರ ಇರುವುದರಿಂದ ಕಾರಿನ ಸೆನ್ಸರುಗಳು ಕೆಳಗಿನಿಂದಲೇ ಒಂದೇ ಸಮನೆ ಕಿರುಚುತ್ತವೆ. ಎಲ್ಲದಕ್ಕೂ ಕಿರುಚುವವರ ಮಾತು ಯಾರು ಕೇಳುತ್ತಾರೆ? ಎಲ್ಲರೂ ಆಫ್ ಮಾಡಿಟ್ಟಿದ್ದಾರೆ. ಎದುರು ನಿಂತು ಕೂಗಿ ಹೇಳೋಣವೆಂದರೆ ಒಳಗೆ ಕೇಳುವುದಿಲ್ಲ. ಕೇಳಬಾರದೆಂದೇ ಅಲ್ಲವೇ ಇಂಥ ಕಾರು ಕೊಂಡದ್ದು. ಗಾಜು ಇಳಿಸಿದರೆ ಮಾತು ಗೋಡೆಯಿಂದ ಗೋಡೆಗೆ ಬಡಿದು, ಬಾವಿಯೊಳಗೆ ಯಾರೋ ಅತ್ತಂತೆ ಕೇಳಿಸುತ್ತದೆ.

"ಕೊಂಡಿದ್ದು ನಾನು, ಮೇಲೆ ತರೋದು ಅವರು" ಎಂದು ಜವಳಿ ಯಜಮಾನರು ಕಿಟಕಿಯಿಂದ ಕೆಳಗೆ ಬೆರಳು ತೋರಿಸಿದರು. "ಬನ್ನಿ ಮಾಮ ಇಲ್ದಿದ್ರೆ ಎಂದೋ ಮಾರಿಬಿಡ್ತಿದ್ದೆ." ಡಾಕ್ಟರಮ್ಮನೂ ಅದನ್ನೇ ಹೇಳಿದರು. ಹೀಗೆ ನನ್ನ ವಾಹನದ ಪುಟ ಕೈತಪ್ಪಿತು, ಬನ್ನಿ ಮಾಮ ಸಿಕ್ಕರು.

ಅವರ ನಿಜವಾದ ಕೆಲಸ ಕಾವಲು. ಅದಕ್ಕೂ ಮೊದಲು ದೊಡ್ಡ ದೊಡ್ಡ ಕಟ್ಟಡ ಕಟ್ಟುವಲ್ಲಿ ಕ್ರೇನಿಗೆ ಕೈಸನ್ನೆ ಕೊಡುವವರಾಗಿದ್ದರು. ಕ್ರೇನಿನವನು ಆಕಾಶದಲ್ಲಿ, ಸಾಮಾನು ಹಗ್ಗದಲ್ಲಿ, ಕೆಳಗೆ ನಿಂತ ಇವರ ಕೈ ಹೇಳಿದಂತೆ ಎಲ್ಲವೂ ನಡೆಯಬೇಕು. ಧೂಳು ಎದೆಗೆ ಹೋಗಿ ಉಸಿರು ಕಟ್ಟತೊಡಗಿದಾಗ ಗುತ್ತಿಗೆದಾರರು ಆ ಕೆಲಸ ಬಿಡಿಸಿದರು. ಇಲ್ಲಿ ಬಂದು ಗೇಟಿನ ಹತ್ತಿರ ಕುರ್ಚಿ ಹಾಕಿ ಕೂತವರು, ಒಂದು ಬೆಳಿಗ್ಗೆ ಯಾರದೋ ಹೊಸ ಕಾರು ಹೊಟ್ಟೆ ಊರಿಕೊಂಡು ಉಬ್ಬಿನ ಮೇಲೆ ಸಿಕ್ಕಿಬಿದ್ದದ್ದು ಕಂಡು ಎದ್ದು ಹೋದರು. ಅಂದಿನಿಂದ ಆ ಕುರ್ಚಿಯಲ್ಲಿ ಕೂರಲು ಅವರಿಗೆ ಪುರುಸೊತ್ತಾಗಿಲ್ಲ. ದಿನಕ್ಕೆ ಮೂವತ್ತು, ನಲವತ್ತು ಸಲ ಕಾರು ಹತ್ತಿಸಿ ಇಳಿಸುತ್ತಾರೆ. ಕಾರಿನ ಹೊಗೆ ಕುಡಿದು ಬರುವ ಕೆಮ್ಮಿಗೆ ಬಿಸಿನೀರು ಕುಡಿಯುತ್ತಾರೆ.

"ನೇರ ಬಂದ್ರೆ ಹೊಟ್ಟೆ ಉಜ್ಜುತ್ತೆ. ಓರೆಯಾಗಿ ತಂದು, ಒಂದೊಂದೇ ಚಕ್ರ ದಾಟಿಸಬೇಕು" ಎನ್ನುತ್ತಾರೆ. "ಹಿಂದಿನ ಸೀಟಲ್ಲಿ ಜನ ಇದ್ರೆ ಕಾರು ಇನ್ನೂ ಕೆಳಗೆ ಕೂತುಬಿಡುತ್ತೆ. ಅದಕ್ಕೇ ಇಳಿದು ನಡೀರಿ ಅಂತೀನಿ."

ಈ ಇಳಿದು ನಡೆಯುವ ವಿಷಯದಲ್ಲಿ ಕಟ್ಟಡದಲ್ಲಿ ಸಾಕಷ್ಟು ಮನಸ್ತಾಪಗಳಾಗಿವೆ. ನಾನು ಕಂಡ ದಿನ ಒಬ್ಬ ಹಿರಿಯ ಹೆಂಗಸು ಇಳಿಜಾರು ಹತ್ತುತ್ತಾ ಎಲ್ಲರಿಗೂ ಕೇಳಿಸುವಂತೆ ಹೇಳುತ್ತಿದ್ದರು: "ಅಳಿಯಂದ್ರು ಅರಮನೆಯಂಥ ಕಾರು ತಂದಿದ್ದಾರೆ. ಅತ್ತೆ ಮಾತ್ರ ನಡ್ಕೊಂಡೇ ಬರ್ಬೇಕು." ಬನ್ನಿ ಮಾಮ ಕಾರಿನಿಂದ ಕಣ್ಣು ತೆಗೆಯಲಿಲ್ಲ, ನಗಲೂ ಇಲ್ಲ. ಕಾರು ದಾಟಿದ ಮೇಲೆ ಹಿಂದಿನ ಬಾಗಿಲು ತಾವೇ ತೆಗೆದು ನಿಂತರು.

ಅವರು ನಗದೆ ಇದ್ದದ್ದಕ್ಕೆ ಕಾರಣವಿದೆ. ಇಲ್ಲಿಗೆ ಬಂದ ಹೊಸದರಲ್ಲಿ ಜವಳಿ ಯಜಮಾನರ ಕಾರು ತಿರುವಿನಲ್ಲಿ ನಿಂತಿದ್ದಾಗ ಇವರ ಕಿವಿಯ ಹತ್ತಿರ ಸೊಳ್ಳೆಯೊಂದು ಗುಂಯ್‌ಗುಟ್ಟಿತು. ಇವರು ಕೈ ಬೀಸಿದರು. ಯಜಮಾನರು ಅದನ್ನು ಬನ್ನಿ ಎಂದುಕೊಂಡು ಬಂದೇಬಿಟ್ಟರು, ಮುಂದಿನ ದೀಪ ಗೋಡೆಗೆ ಬಡಿದು ಪುಡಿಯಾಯಿತು. "ಸೊಳ್ಳೆ ಹೊಡೀಲಿಕ್ಕೆ ನನ್ನ ಕಾರೇ ಬೇಕಿತ್ತಾ ಅಂತ ಬೈದೆ" ಎಂದು ಯಜಮಾನರು ಈಗ ನಗುತ್ತಾರೆ. ಬನ್ನಿ ಮಾಮ ಅಂದಿನಿಂದ ಒಂದು ನೇಮ ಹಿಡಿದಿದ್ದಾರೆ. ಕಾರು ಇಳಿಜಾರಿನಲ್ಲಿ ಇರುವಷ್ಟು ಹೊತ್ತು ಬೆವರು ಒರೆಸುವುದಿಲ್ಲ, ಮೂಗು ತುರಿಸುವುದಿಲ್ಲ, ಎದುರು ಬಂದವರಿಗೆ ಕೈ ಎತ್ತಿ ನಮಸ್ಕಾರವನ್ನೂ ಹೇಳುವುದಿಲ್ಲ. ಒಮ್ಮೆ ಜೇನುಹುಳ ಕತ್ತಿಗೆ ಕಚ್ಚಿದಾಗಲೂ ಕಾರು ದಾಟುವ ತನಕ ಹಾಗೇ ನಿಂತಿದ್ದರು.

"ಅಷ್ಟು ಹೊತ್ತು ಈ ಕೈ ನಂದಲ್ಲಮ್ಮ" ಎಂದು ಅವರು ನನಗೆ ಹೇಳುತ್ತಾರೆ. "ಕಾರಲ್ಲಿ ಕೂತವರದ್ದು."

ಆ ಕೈ ಈಗ ನಡುಗತೊಡಗಿದೆ.

ಅದನ್ನು ಮೊದಲು ಕಂಡವರು ಅವರ ಹೆಂಡತಿ. ಹಿಂದಿನ ಬೀದಿಯ ಒಂದೂವರೆ ಕೋಣೆಯ ಮನೆಯಲ್ಲಿ, ಕಿಟಕಿಗೆ ಒತ್ತಿ ಇಟ್ಟ ಹೊಲಿಗೆ ಯಂತ್ರದ ಮುಂದೆ ಕೂತು ಅವರು ಜನರ ಬಟ್ಟೆ ಬಿಗಿ ಮಾಡಿ, ಸಡಿಲ ಮಾಡಿ ಕೊಡುತ್ತಾರೆ. "ಚಹಾ ಲೋಟ ಎತ್ತಿದ್ರೆ ಅರ್ಧ ಅಂಗಿಗೆ ಹೋಗ್ತಿತ್ತು" ಎನ್ನುತ್ತಾರೆ. "ಏನ್ರೀ ಇದು ಅಂದೆ. ಲೋಟ ಬಿಸಿ ಇತ್ತು ಅಂದ್ರು. ಮರುದಿನ ಆರಿಸಿಕೊಟ್ಟೆ. ಆಗಲೂ ಚೆಲ್ಲಿತು. ಇವರು ಸುಳ್ಳು ಹೇಳಿದ್ರೆ ಕಿವಿ ಕೆಂಪಾಗುತ್ತೆ, ನೋಡಿ ಬೇಕಾದ್ರೆ." ಪಕ್ಕದಲ್ಲಿದ್ದ ಬನ್ನಿ ಮಾಮನ ಕಿವಿ ನಿಜಕ್ಕೂ ಕೆಂಪಾಗಿತ್ತು.

ಬೆರಳು ಆಡಿಸುವಾಗ ನಡುಕ ಗೊತ್ತಾಗುವುದಿಲ್ಲ. ಕೈಯನ್ನು ಎತ್ತಿ ಹಿಡಿದಾಗ ಶುರುವಾಗುತ್ತದೆ. ಅಂದರೆ ಸರಿಯಾಗಿ ನಿಲ್ಲಿ ಎನ್ನಬೇಕಾದ ಹೊತ್ತಿಗೆ. ಎತ್ತಿದ ಅಂಗೈ ಅಲುಗಿದರೆ ದೂರದಿಂದ ಬನ್ನಿ ಎಂದಂತೆಯೇ ಕಾಣುತ್ತದೆ. ನಾನು ಮೂರನೆಯ ಸಲ ಹೋದ ಬೆಳಿಗ್ಗೆ ಅದೇ ಆಯಿತು. ಡಾಕ್ಟರಮ್ಮನ ಬಿಳಿ ಕಾರು ತಿರುವಿಗೆ ಬಂದಿತ್ತು. ಬನ್ನಿ ಮಾಮ ಅಂಗೈ ಎತ್ತಿದರು. ಕಾರು ನಿಲ್ಲಲಿಲ್ಲ. ಅವರು ಕೈಯನ್ನು ಇನ್ನೂ ಮೇಲೆತ್ತಿದರು, ಅದು ಇನ್ನೂ ಹೆಚ್ಚು ನಡುಗಿತು, ಕಾರು ಇನ್ನೂ ಮುಂದೆ ಬಂತು. ಒಂದು ಬದಿಯ ಎರಡೂ ಬಾಗಿಲು ಗೋಡೆಗೆ ಉಜ್ಜಿದ ಸದ್ದಿಗೆ ನನ್ನ ಹಲ್ಲು ಜುಂ ಎಂದಿತು.

ಡಾಕ್ಟರಮ್ಮ ಕಷ್ಟಪಟ್ಟು ಇನ್ನೊಂದು ಕಡೆಯ ಬಾಗಿಲಿನಿಂದ ಇಳಿದು ಬಂದರು. "ನೀವು ಬನ್ನಿ ಅಂದ್ರಲ್ಲ, ಮಾಮ?"

"ಹೌದು ಮೇಡಂ, ನಾನೇ ಬನ್ನಿ ಅಂದೆ. ತಪ್ಪು ನಂದೇ" ಎಂದರು ಬನ್ನಿ ಮಾಮ. ಕೈ ಬೆನ್ನ ಹಿಂದೆ ಹೋಗಿತ್ತು.

ಡಾಕ್ಟರಮ್ಮ ಗೀರಿನ ಕಡೆ ನೋಡಲಿಲ್ಲ. ಅವರ ಕೈ ಹಿಡಿದು ಮುಂದಕ್ಕೆ ತಂದು, ತಮ್ಮ ಅಂಗೈ ಮೇಲೆ ಇಟ್ಟುಕೊಂಡರು. "ಎಷ್ಟು ದಿನದಿಂದ?" ಎಂದು ಕೇಳಿದರು. ಕೈಕೆಲಸದಿಂದಲೇ ಅನ್ನ ದುಡಿಯುವವರು ಅವರೂ. ತಮ್ಮ ಕೈ ಹೀಗಾದರೆ ಏನು ಗತಿ ಎಂಬುದು ಅವರ ಮುಖದಲ್ಲೇ ಕಾಣುತ್ತಿತ್ತು. ಪರಿಚಯದ ನರರೋಗ ವೈದ್ಯರ ಹತ್ತಿರ ಅಂದೇ ಕರೆದುಕೊಂಡು ಹೋದರು. ಗುಳಿಗೆಯಿಂದ ಸ್ವಲ್ಪ ಕಡಿಮೆಯಾದೀತು, ಪೂರ್ತಿ ಹೋಗುವುದಿಲ್ಲ, ಹೆದರಿದರೆ ಹೆಚ್ಚಾಗುತ್ತದೆ ಎಂದರಂತೆ. ಹೆದರಬೇಡಿ ಎಂದು ಹೇಳುವುದು ಸುಲಭ.

ಮುಂದಿನ ಭಾನುವಾರ ಕಾರಿನವರೆಲ್ಲ ನೆಲಮಾಳಿಗೆಯಲ್ಲಿ ಸೇರುತ್ತಾರೆ. ನಾನೂ ಒಂದು ಕಂಬಕ್ಕೆ ಒರಗಿ ನಿಂತಿದ್ದೇನೆ. ಕಟ್ಟಡದ ಕಾರ್ಯದರ್ಶಿ ಕೆಟ್ಟ ಮನುಷ್ಯರೇನಲ್ಲ, ಆದರೆ ನಿಷ್ಠುರವಾದಿ. "ಇವತ್ತು ಬಾಗಿಲು ಉಜ್ಜಿತು. ನಾಳೆ ಇವರ ಕಾಲ ಮೇಲೇ ಹತ್ತಿದ್ರೆ? ಯಾರ ಮನೆಯವರು ಹೋಗಿ ಇವರ ಹೆಂಡ್ತಿಗೆ ಹೇಳ್ತೀರಿ?" ಎಂದು ಕೇಳುತ್ತಾರೆ. ಕ್ಯಾಮೆರಾ ಹಾಕಿಸೋಣ, ಸಿಗ್ನಲ್ ದೀಪ ಹಾಕಿಸೋಣ, ಮಾಮ ಮೊದಲಿನ ಹಾಗೆ ಗೇಟಿನ ಹತ್ತಿರ ಆರಾಮಾಗಿ ಕೂರಲಿ ಎಂಬ ಮಾತು ಬರುತ್ತದೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು. ಬನ್ನಿ ಮಾಮನ ಮುಖ ಮಾತ್ರ ಸುಣ್ಣದಂತಾಗುತ್ತದೆ. ಒಬ್ಬ ಮನುಷ್ಯನಿಗೆ ಆರಾಮಾಗಿ ಕೂತುಕೋ ಎನ್ನುವುದು ಇಷ್ಟು ಕ್ರೂರವಾಗಿ ಕೇಳಿಸಬಹುದೆಂದು ನನಗೆ ಗೊತ್ತಿರಲಿಲ್ಲ.

"ಒಂದು ಮಾತು ಹೇಳ್ಲಾ?" ಎಂದು ಅವರು ಮುಂದೆ ಬರುತ್ತಾರೆ. "ಕರೆಯೋದಕ್ಕೆ ಕೈ ಸಾಕು, ಅದು ಇನ್ನೂ ಚೆನ್ನಾಗಿದೆ. ನಿಲ್ಲಿಸೋದಕ್ಕೆ ಕೈ ಎತ್ತಲ್ಲ. ನಿಮಗೆ ಬೆನ್ನು ಮಾಡಿ ನಿಲ್ತೀನಿ. ನನ್ನ ಮುಖ ಕಾಣ್ತಿದ್ರೆ ಬನ್ನಿ. ಬೆನ್ನು ಕಂಡ ತಕ್ಷಣ ನಿಲ್ಲಿ. ಬೆನ್ನು ನಡುಗಲ್ಲ."

"ಕಾರು ನಿಮ್ಮ ಮೇಲೇ ಬರ್ತಿರುವಾಗ?" ಎಂದು ಜವಳಿ ಯಜಮಾನರು ಕೇಳುತ್ತಾರೆ.

"ಬರ್ತಿರುವಾಗಲೇ."

ನಾಳೆ ಬೆಳಿಗ್ಗೆ ತಮ್ಮ ಕಾರಿನಿಂದಲೇ ನೋಡೋಣ ಎಂದು ಕಾರ್ಯದರ್ಶಿ ಬೇರೆ ದಾರಿಯಿಲ್ಲದೆ ಒಪ್ಪುತ್ತಾರೆ. ಆ ಸಂಜೆ ಹೆಂಡತಿ ಗಂಡನ ನೀಲಿ ಅಂಗಿಯ ಬೆನ್ನಿಗೆ ಅಗಲವಾದ ಕೆಂಪು ಬಟ್ಟೆ ಹೊಲಿದು ಕೊಡುತ್ತಾರೆ, ಮಬ್ಬಿನಲ್ಲೂ ಕಾಣಲಿ ಎಂದು. "ಜಗಳ ಆದಾಗೆಲ್ಲ ಗೋಡೆ ಕಡೆ ತಿರುಗಿ ಮಲಗೋ ಗಂಡಸು ಇವರು. ಬೆನ್ನು ತಿರುಗಿಸೋದ್ರಲ್ಲಿ ಇವರನ್ನ ಮೀರಿಸೋರಿಲ್ಲ" ಎಂದು ನನ್ನ ಕಡೆ ನೋಡಿ ನಗುತ್ತಾರೆ. ನಗುತ್ತಲೇ ಕಣ್ಣೊರೆಸಿಕೊಳ್ಳುತ್ತಾರೆ. ಆ ಹೊಲಿಗೆಯನ್ನು ಎರಡೆರಡು ಸಲ ಹಾಕಿದ್ದಾರೆ.

ಮರುದಿನ ಕಾರ್ಯದರ್ಶಿಯವರ ಕಾರು ತಿರುವು ಹತ್ತುತ್ತದೆ. ಬನ್ನಿ ಮಾಮ ಬೆರಳಿನಿಂದ ಕರೆಯುತ್ತಾರೆ, ಚಕ್ರ ನೋಡುತ್ತಾರೆ, ಗೋಡೆ ನೋಡುತ್ತಾರೆ, ತಟ್ಟನೆ ತಿರುಗಿ ನಿಲ್ಲುತ್ತಾರೆ. ಎದುರಿಗೆ ಖಾಲಿ ರಸ್ತೆ, ಹಿಂದೆ ಹತ್ತುತ್ತಿರುವ ಕಾರು. ಕಾರು ಗಕ್ಕನೆ ನಿಲ್ಲುತ್ತದೆ. ಅವರು ಮತ್ತೆ ಮುಖ ತಿರುಗಿಸಿ ಕರೆಯುತ್ತಾರೆ. ಉಬ್ಬಿನ ಮೇಲೆ ಇನ್ನೊಮ್ಮೆ ಹಾಗೇ. ಕಾರು ಹೂವೆತ್ತಿ ಇಟ್ಟ ಹಾಗೆ ರಸ್ತೆಗಿಳಿಯುತ್ತದೆ. ಕಾರ್ಯದರ್ಶಿ ಬಾಗಿಲು ತೆಗೆದು ಇಳಿದವರು ಕಾರಿಗೇ ಆತುಕೊಂಡು ನಿಲ್ಲುತ್ತಾರೆ. "ನಿಮ್ಮ ಕೈಯ ನಡುಕ ನನ್ನ ಕಾಲಿಗೆ ಬಂತಲ್ಲ ಮಾರಾಯ್ರೇ" ಎನ್ನುತ್ತಾರೆ. ಕ್ಯಾಮೆರಾದ ಮಾತು ಆಮೇಲೆ ಯಾರೂ ಎತ್ತಿಲ್ಲ.

ಈಗ ಕಾರಿನವರೆಲ್ಲ ಮೊದಲಿಗಿಂತ ನಿಧಾನವಾಗಿ ಬರುತ್ತಾರೆ. ಇಳಿಜಾರಿನಲ್ಲಿ ಫೋನು ಹಿಡಿಯುತ್ತಿದ್ದವರು ಹಿಡಿಯುವುದಿಲ್ಲ. ಡಾಕ್ಟರಮ್ಮ ಬಾಗಿಲಿನ ಗೀರನ್ನು ಇನ್ನೂ ಸರಿಮಾಡಿಸಿಲ್ಲ, ಕೇಳಿದರೆ ಸಮಯವಿಲ್ಲ ಎನ್ನುತ್ತಾರೆ.

ಕೊನೆಯ ಸಲ ಹೋದಾಗ ನಾನು ಬನ್ನಿ ಮಾಮನನ್ನು ಕೇಳುತ್ತೇನೆ: ಅಷ್ಟು ಭಾರದ ಕಾರು ಹಿಂದೆ ಬರುವಾಗ ಬೆನ್ನು ಮಾಡಿ ನಿಲ್ಲಲು ಹೆದರಿಕೆಯಾಗುವುದಿಲ್ಲವೇ?

"ಆಗುತ್ತಮ್ಮ, ಆಗದೆ ಏನು" ಎನ್ನುತ್ತಾರೆ. "ಆದ್ರೆ ಇಷ್ಟು ವರ್ಷ ಅವರ ಕಾರಿಗೆ ಗೀರು ಬೀಳದ ಹಾಗೆ ನಾನು ನೋಡ್ಕೊಂಡೆ. ಈಗ ನನಗೆ ಗೀರು ಬೀಳದ ಹಾಗೆ ಅವರು ನೋಡ್ಕೋತಿದ್ದಾರೆ." ಕೆಳಗೆ ದೀಪ ಹೊತ್ತಿಕೊಳ್ಳುತ್ತದೆ, ಅವರು ಹೊರಡುತ್ತಾರೆ. ನಾಲ್ಕು ಹೆಜ್ಜೆ ಹೋಗಿ ಹೇಳುತ್ತಾರೆ: "ಇವತ್ತಿನ ತನಕ ಒಬ್ಬರ ಕಾರೂ ನನ್ನ ಅಂಗಿಗೆ ತಾಗಿಲ್ಲ ನೋಡಿ. ಅಷ್ಟು ಚೆನ್ನಾಗಿ ಕಲಿಸಿದ್ದೀನಿ."