ತಗ್ಗಿನ ಗಾಳಿ

ಜಮಖಂಡಿಯ ಗುಡ್ಡದ ಮೇಲಿಂದ ನಮ್ಮಂಥವರನ್ನು ಪ್ಯಾರಾಗ್ಲೈಡರ್‌ನಲ್ಲಿ ಹಾರಿಸುತ್ತಿದ್ದ ಆ ಹೆಣ್ಣುಮಗಳು ಬನಹಟ್ಟಿಯ ನೇಕಾರರ ಮನೆಯವರು. ಹಾರುವ ಮೊದಲು ನೂಲಿನ ಎಳೆಯೊಂದನ್ನು ಬೆರಳಿನಿಂದ ಇಳಿಬಿಟ್ಟು, ಗಾಳಿ ಯಾವ ಕಡೆಗಿದೆ ಎಂದು ಬಹಳ ಹೊತ್ತು ನೋಡುತ್ತಿದ್ದರು. "ಏನರ ಆದ್ರ ಮ್ಯಾಲಿದ್ರ ಸಾವರಿಸ್ಕೊಳ್ಳಾಕ ಟೈಮ್ ಇರ್ತೈತ್ರಿ ಸರ, ತಳಗ ಇರಂಗಿಲ್ಲ" ಎಂಬುದು ಅವರು ದಿನಾ ಹೇಳುವ ಮಾತು.

ನಾನು ಹಾರಿದ ದಿನ ಪ್ಯಾರಾಗ್ಲೈಡರಿನ ಒಂದೇ ಬಟ್ಟೆಯ ರೆಕ್ಕೆಗೆ ಇಬ್ಬರೂ ಕಟ್ಟಿಕೊಂಡಿದ್ದೆವು, ಅವರು ನನ್ನ ಬೆನ್ನ ಹಿಂದೆ. ಕೆಳಗೆ ನಾನು ಕಲಿಸುವ ಶಾಲೆ ಕಂಡಿತು.

"ಹುಡುಗ್ರಿಗೆ ಕಾಣೂವಂಗ ಒಂದ್ ಸುತ್ತು ತಳಗ ಹೋಗೂಣ್ರಿ" ಎಂದೆ.

"ಅದೊಂದು ಕೇಳಬ್ಯಾಡ್ರಿ" ಎಂದರು.

ಆದರೆ ಇಳಿಯಲು ತಗ್ಗಿಗೆ ಬರಲೇಬೇಕಲ್ಲ. ಹರಗಿ ಬರಿದಾಗಿದ್ದ ಕಪ್ಪು ಎರೆಹೊಲ ಬಿಸಿಲಿಗೆ ಕಾದಿತ್ತು. ತೆಂಗಿನ ಮರದಷ್ಟು ಎತ್ತರದಲ್ಲಿದ್ದಾಗ ಬಿಸಿಗಾಳಿ ಕೆಳಗಿನಿಂದ ಗುದ್ದಿತು. ತಲೆಯ ಮೇಲೆ ಬಟ್ಟೆ ಪಟಪಟ ಬಡಿದು, ರೆಕ್ಕೆಯ ಎಡಭಾಗ ಮಡಚಿಕೊಂಡಿತು. ನಾವು ಗಿರ್ರನೆ ತಿರುಗತೊಡಗಿದೆವು.

"ಬಲಕ್ಕ ವಾಲ್ರಿ ಸರ. ಕಾಲು ಕೂಡಿಸಿ ಹಿಡೀರಿ."

ಕಿವಿಯ ಹಿಂದಿನ ಆ ದನಿ ಮಕ್ಕಳಿಗೆ ಲೆಕ್ಕ ಹೇಳಿಕೊಡುವಷ್ಟು ಸಮಾಧಾನವಾಗಿತ್ತು. ನಾನು ವಾಲಿದೆ. ತಿರುಗುವುದು ನಿಂತಿತು, ಪಕ್ಕದ ಕಬ್ಬಿನೊಳಗೆ ಬಿದ್ದೆವು. ಎಲೆಗಳು ಮುಖ ಗೀರಿದವು, ಮೂಳೆ ಮುರಿಯಲಿಲ್ಲ.

ಇವರಿಗೆ ಹೆದರಿಕೆಯೇ ಇಲ್ಲವೇನೋ ಎಂದುಕೊಂಡು ಹೊರಳಿ ನೋಡಿದೆ. ಅವರ ಬೆರಳುಗಳು ಬೆಲ್ಟಿನ ಕೊಂಡಿ ಹಿಡಿಯಲಾಗದೆ ಮತ್ತೆ ಮತ್ತೆ ಜಾರುತ್ತಿದ್ದವು.

"ಸರ, ನನ್ನ ಬೆಲ್ಟ್ ಬಿಚ್ತೀರೇನು? ನನಗ ಆಗವಲ್ದು" ಎಂದರು.